ಮೀಟಿಂಗ್‌ನಲ್ಲಿ ದನಿ ಒಡೆಯುತ್ತಿದೆಯೇ, ಚಿತ್ರ ನಿಲ್ಲುತ್ತಿದೆಯೇ? ಮೊದಲು ದೋಷ ಯಾರ ಕಡೆ ಎಂದು ಹಿಡಿಯಿರಿ

‘ಸ್ಪೀಡ್ ಟೆಸ್ಟ್ ಮಾಡಿದರೆ 100 ಎಂಬಿಪಿಎಸ್ ತೋರಿಸುತ್ತೆ, ಆದರೂ ಮೀಟಿಂಗ್‌ನಲ್ಲಿ ದನಿ ಕಟ್ ಕಟ್ ಆಗುತ್ತೆ, ಯಾಕೆ?’ ‘ಎಲ್ಲರಿಗೂ ಎಕೋ ಬರ್ತಿದೆ, ಒಬ್ಬರಿಗೆ ಮಾತ್ರ ಬರ್ತಿಲ್ಲ, ಯಾಕೆ?’ ಓದುಗರಿಂದ ಹೆಚ್ಚು ಬರುವ ಪ್ರಶ್ನೆಗಳು ಇವೆರಡು. ಉತ್ತರ ಹುಡುಕುವಾಗ ಬಹುತೇಕರು ಮಾಡುವುದು ಒಂದೇ ಕೆಲಸ: ತಮ್ಮ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನೆಲ್ಲ ಕೆದಕುವುದು, ಆಮೇಲೆ ರೂಟರ್ ಆಫ್ ಮಾಡಿ ಆನ್ ಮಾಡುವುದು. ದೋಷ ಇನ್ನೊಬ್ಬರ ಮನೆಯಲ್ಲಿದ್ದರೆ ಇದರಿಂದ ಏನೂ ಆಗದು.

ಹಲವರು ಸೇರುವ ಕರೆ ಕೆಲಸ ಮಾಡುವ ಬಗೆ ಗೊತ್ತಿದ್ದರೆ ಮುಂದಿನದು ಸುಲಭ. ಝೂಮ್, ಗೂಗಲ್ ಮೀಟ್, ಟೀಮ್ಸ್, ಜಿಟ್ಸಿ ಯಾವುದೇ ಇರಲಿ, ಹತ್ತು ಜನರ ಮೀಟಿಂಗ್‌ನಲ್ಲಿ ನಿಮ್ಮ ದನಿ ನೇರವಾಗಿ ಉಳಿದ ಒಂಬತ್ತು ಮನೆಗೆ ಹೋಗುವುದಿಲ್ಲ. ನೀವು ಅದನ್ನು ಆ್ಯಪ್ ನಡೆಸುವವರ ಸರ್ವರ್‌ಗೆ, ಅಂದರೆ ನಡುವೆ ನಿಂತು ಹಂಚುವ ಕಂಪ್ಯೂಟರ್‌ಗೆ, ಕಳುಹಿಸುತ್ತೀರಿ, ಸರ್ವರ್ ಅದನ್ನು ಉಳಿದವರಿಗೆ ಹಂಚುತ್ತದೆ. ಅಂದರೆ ಪ್ರತಿ ದನಿಗೂ ಎರಡು ಹಾದಿ: ಮಾತನಾಡುವವರಿಂದ ಸರ್ವರ್‌ವರೆಗೆ ಒಂದು, ಸರ್ವರ್‌ನಿಂದ ಕೇಳುವವರವರೆಗೆ ಇನ್ನೊಂದು. ಯಾವ ಹಾದಿ ಕೆಟ್ಟಿದೆ ಎಂಬುದನ್ನು ಯಾರಿಗೆ ಏನು ಕೇಳಿಸುತ್ತಿದೆ ಎಂಬುದೇ ಹೇಳಿಬಿಡುತ್ತದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು ಇಷ್ಟೇ: ಮೈಕ್ ಇರುವ ಸಾದಾ ವೈರ್ ಇಯರ್‌ಫೋನ್, ರೂಟರ್‌ನಿಂದ ಲ್ಯಾಪ್‌ಟಾಪ್‌ವರೆಗೆ ಮುಟ್ಟುವ ಲ್ಯಾನ್ ಕೇಬಲ್, ಮೊಬೈಲ್ ಡೇಟಾ ಇರುವ ಒಂದು ಫೋನ್. ಲ್ಯಾಪ್‌ಟಾಪ್‌ಗೆ ಲ್ಯಾನ್ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಕೂಡ ಬೇಕು.

1. ದೋಷ ಯಾರ ಕಡೆ?

ಮೀಟಿಂಗ್‌ನಲ್ಲಿ ತೊಂದರೆ ಬಂದ ಕೂಡಲೇ ಏನನ್ನೂ ಒತ್ತಬೇಡಿ. ಉಳಿದವರನ್ನು ಒಂದೇ ಪ್ರಶ್ನೆ ಕೇಳಿ: ‘ನಿಮಗೂ ಹೀಗೇ ಆಗ್ತಿದೆಯಾ?’

ಒಬ್ಬರ ದನಿ ಮಾತ್ರ ಎಲ್ಲರಿಗೂ ಒಡೆದು ಕೇಳುತ್ತಿದ್ದರೆ ದೋಷ ಆ ಒಬ್ಬರ ಮೈಕ್‌ನಲ್ಲಿ ಅಥವಾ ಅವರ ಅಪ್‌ಲೋಡ್‌ನಲ್ಲಿ, ಅಂದರೆ ಅವರ ಮನೆಯಿಂದ ಹೊರಗೆ ಹೋಗುವ ಹಾದಿಯಲ್ಲಿ. ಎಲ್ಲರ ದನಿಯೂ ಒಬ್ಬರಿಗೆ ಮಾತ್ರ ಒಡೆದು ಕೇಳುತ್ತಿದ್ದರೆ ದೋಷ ಕೇಳುವವರ ಡೌನ್‌ಲೋಡ್‌ನಲ್ಲಿ. ಎಲ್ಲರದೂ ಎಲ್ಲರಿಗೂ ಕೆಟ್ಟಿದ್ದರೆ ಸರ್ವರ್ ಕಡೆಯ ತೊಂದರೆ ಇರಬಹುದು. ಇಲ್ಲವೇ ಎಲ್ಲರೂ ಒಂದೇ ಕಚೇರಿಯ ನೆಟ್‌ನಲ್ಲಿ ಕೂತಿದ್ದೀರಿ.

ಎಕೋದ ಲೆಕ್ಕ ಮಾತ್ರ ತಿರುಗಾಮುರುಗಾ. ನಿಮ್ಮ ದನಿಯೇ ನಿಮಗೆ ವಾಪಸ್ ಕೇಳಿಸುತ್ತಿದ್ದರೆ ತಪ್ಪು ನಿಮ್ಮ ಕಡೆ ಇಲ್ಲ. ಬೇರೆ ಯಾರದೋ ಸ್ಪೀಕರ್‌ನಿಂದ ಹೊರಬಂದ ನಿಮ್ಮ ಮಾತು ಅವರದೇ ಮೈಕ್‌ಗೆ ಹೊಕ್ಕು ಹಿಂದಿರುಗುತ್ತಿದೆ. ಯಾರಿಗೆ ಎಕೋ ಕೇಳಿಸುತ್ತಿಲ್ಲವೋ ಅವರೇ ಎಕೋದ ಮೂಲ. ‘ನನಗೆ ಚೆನ್ನಾಗೇ ಕೇಳ್ತಿದೆಯಲ್ಲ’ ಎಂದು ಹೇಳುವವರನ್ನೇ ಮೊದಲು ಮ್ಯೂಟ್ ಮಾಡಿಸಿ ನೋಡಿ.

ಮೀಟಿಂಗ್ ಮುಗಿದ ಮೇಲೂ ಒಂದು ಸುಳಿವು ಸಿಗುತ್ತದೆ. ಕ್ಲೌಡ್ ರೆಕಾರ್ಡಿಂಗ್ ಆಗಿದ್ದರೆ, ಅಂದರೆ ಸರ್ವರ್‌ನಲ್ಲೇ ದಾಖಲಾಗಿದ್ದರೆ, ದನಿ ಒಡೆದ ಜಾಗವನ್ನು ಮತ್ತೆ ಕೇಳಿ. ಅಲ್ಲೂ ಒಡೆದಿದ್ದರೆ ಮಾತನಾಡಿದವರ ಹಾದಿ ಕೆಟ್ಟಿತ್ತು. ಅಲ್ಲಿ ಸ್ವಚ್ಛವಾಗಿದ್ದರೆ ಕೆಟ್ಟಿದ್ದು ನಿಮ್ಮದು.

2. ದನಿಯೇ ಇಲ್ಲದಿದ್ದರೆ

ಇದು ಹೆಚ್ಚಾಗಿ ಯಾವುದೋ ಒಂದು ಅನುಮತಿ ಅಥವಾ ತಪ್ಪು ಆಯ್ಕೆ. ಈ ಕ್ರಮದಲ್ಲಿ ನೋಡುತ್ತಾ ಹೋಗಿ.

ಮೊದಲು ಮೀಟಿಂಗ್ ಆ್ಯಪ್‌ನ ಮೈಕ್ ಗುರುತಿನ ಪಕ್ಕದ ಪುಟ್ಟ ಬಾಣ ಒತ್ತಿ, ಯಾವ ಮೈಕ್, ಯಾವ ಸ್ಪೀಕರ್ ಆಯ್ಕೆಯಾಗಿದೆ ನೋಡಿ. ಲ್ಯಾಪ್‌ಟಾಪ್‌ಗೆ ಟಿವಿಯನ್ನೋ ಮಾನಿಟರನ್ನೋ ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದ್ದರೆ ದನಿ ಅಲ್ಲಿಗೆ ಹೋಗಿ ಕೂತಿರುತ್ತದೆ. ಸ್ಪೀಕರ್ ಇಲ್ಲದ ಮಾನಿಟರ್ ಆದರೆ ಏನೂ ಕೇಳಿಸದು. ನಿನ್ನೆ ಬಳಸಿ ಕಪಾಟಿನಲ್ಲಿಟ್ಟ ಬ್ಲೂಟೂತ್ ಇಯರ್‌ಬಡ್ ಇನ್ನೂ ಜೋಡಣೆಯಲ್ಲಿದ್ದರೆ ನಿಮ್ಮ ಮೈಕ್ ಆ ಕಪಾಟಿನಲ್ಲೇ ಇದೆ.

ಝೂಮ್‌ನಲ್ಲಿ ‘ಟೆಸ್ಟ್ ಸ್ಪೀಕರ್ ಆ್ಯಂಡ್ ಮೈಕ್ರೊಫೋನ್’ ಎಂಬ ಆಯ್ಕೆ ಇದೆ. ನೀವು ಆಡಿದ್ದನ್ನು ಧ್ವನಿಮುದ್ರಿಸಿ ನಿಮಗೇ ಕೇಳಿಸುತ್ತದೆ. ‘ಹಲೋ ಹಲೋ ಕೇಳ್ತಿದೆಯಾ’ ಎಂದು ಇಪ್ಪತ್ತು ಜನರ ಎದುರು ಕೂಗುವುದಕ್ಕಿಂತ ಇದು ಮೇಲು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಮೈಕ್ರೊಫೋನ್ ಎಂದು ಹೋಗಿ. ಅಲ್ಲಿ ಮೇಲಿನ ಸ್ವಿಚ್ ಆನ್ ಆಗಿದ್ದರೆ ಸಾಲದು, ಪಟ್ಟಿಯ ಕೆಳಗೆ ‘ಲೆಟ್ ಡೆಸ್ಕ್‌ಟಾಪ್ ಆ್ಯಪ್ಸ್ ಆ್ಯಕ್ಸೆಸ್ ಯುವರ್ ಮೈಕ್ರೊಫೋನ್’ ಎಂಬ ಇನ್ನೊಂದು ಸ್ವಿಚ್ ಇದೆ. ಹೆಚ್ಚಿನವರು ತಪ್ಪಿಸಿಕೊಳ್ಳುವುದು ಅದನ್ನೇ. ಬ್ರೌಸರ್‌ನಲ್ಲಿ ಮೀಟಿಂಗ್ ತೆರೆದಿದ್ದರೆ ವಿಳಾಸದ ಎಡಗಡೆಯ ಗುರುತು ಒತ್ತಿ, ಮೈಕ್ ಮತ್ತು ಕ್ಯಾಮೆರಾಗೆ ಅನುಮತಿ ಇದೆಯೇ ನೋಡಿ, ಪುಟವನ್ನು ರಿಫ್ರೆಶ್ ಮಾಡಿ. ಆಂಡ್ರಾಯ್ಡ್ 12 ಮತ್ತು ಆಮೇಲಿನ ಫೋನ್‌ಗಳಲ್ಲಿ ಮೇಲಿನಿಂದ ಕೆಳಗೆ ಎಳೆದಾಗ ಕಾಣುವ ಪಟ್ಟಿಯಲ್ಲಿ ಇಡೀ ಫೋನಿನ ಮೈಕ್ ಮತ್ತು ಕ್ಯಾಮೆರಾವನ್ನು ಬಂದ್ ಮಾಡುವ ಬಟನ್‌ಗಳಿರುತ್ತವೆ. ಮಕ್ಕಳ ಬೆರಳು ತಗುಲಿ ಅದು ಆಫ್ ಆಗಿದ್ದರೆ ಆ್ಯಪ್‌ನ ಒಳಗೆ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ.

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮೈಕ್‌ಗೆ ಒಂದು, ಹೆಡ್‌ಫೋನ್‌ಗೆ ಒಂದು ಎಂದು ಎರಡು ಬೇರೆ ಕಿಂಡಿಗಳಿರುತ್ತವೆ. ಮೊಬೈಲ್ ಇಯರ್‌ಫೋನ್‌ನ ಪಿನ್ನಿನಲ್ಲಿ ಮೂರು ಕಪ್ಪು ಉಂಗುರ, ನಾಲ್ಕು ಭಾಗ ಇರುತ್ತವೆ. ಅದನ್ನು ಹೆಡ್‌ಫೋನ್ ಕಿಂಡಿಗೆ ಚುಚ್ಚಿದರೆ ದನಿ ಕೇಳುತ್ತದೆ, ಮೈಕ್ ಕೆಲಸ ಮಾಡುವುದಿಲ್ಲ. ಒಂದು ಪಿನ್ನನ್ನು ಎರಡಾಗಿ ಒಡೆಯುವ ಸ್ಪ್ಲಿಟರ್ ಬೇಕು. ಕೊಳ್ಳುವಾಗ ಒಂದು ಕವಲಿಗೆ ಮೈಕ್ ಚಿತ್ರ, ಇನ್ನೊಂದಕ್ಕೆ ಹೆಡ್‌ಫೋನ್ ಚಿತ್ರ ಇದೆಯೇ ಎಂದು ನೋಡಿಕೊಳ್ಳಿ. ಎರಡಕ್ಕೂ ಹೆಡ್‌ಫೋನ್ ಚಿತ್ರವೇ ಇದ್ದರೆ ಅದು ಇಬ್ಬರು ಹಾಡು ಕೇಳಲು ಮಾಡಿದ್ದು.

ಎಲ್ಲ ಸರಿ ಇದ್ದೂ ಅನ್‌ಮ್ಯೂಟ್ ಆಗುತ್ತಿಲ್ಲವೇ? ಹೋಸ್ಟ್, ಅಂದರೆ ಮೀಟಿಂಗ್ ನಡೆಸುವವರು, ಉಳಿದವರು ತಾವಾಗಿ ಅನ್‌ಮ್ಯೂಟ್ ಆಗದಂತೆ ತಡೆದಿರಬಹುದು. ಮೀಟಿಂಗ್ ಸರಿಯಾಗಿ 40 ನಿಮಿಷಕ್ಕೆ ಕಡಿದು ಹೋದರೆ ನೆಟ್ ಬೈಯಬೇಡಿ, ಝೂಮ್‌ನ ಉಚಿತ ಖಾತೆಗೆ ಇರುವ ಮಿತಿ ಅದು. ಮೀಟ್‌ನ ಉಚಿತ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ.

3. ಎಕೋ, ಕೀರಲು, ಗುಂಯ್ ಎನ್ನುವ ಸದ್ದು

ಮೂರೂ ಬೇರೆ ಬೇರೆ ರೋಗ.

ಎಕೋ ಬಂದರೆ ಹೋಸ್ಟ್ ಎಲ್ಲರನ್ನೂ ಮ್ಯೂಟ್ ಮಾಡಲಿ. ಒಬ್ಬರು ಮಾತ್ರ ಮಾತನಾಡುತ್ತಿರಲಿ, ಉಳಿದವರನ್ನು ಒಬ್ಬೊಬ್ಬರಾಗಿ ಅನ್‌ಮ್ಯೂಟ್ ಮಾಡಿಸುತ್ತಾ ಬನ್ನಿ. ಯಾರು ಅನ್‌ಮ್ಯೂಟ್ ಆದಾಗ ಎಕೋ ಶುರುವಾಯಿತೋ ಅವರು ಇಯರ್‌ಫೋನ್ ಹಾಕಿಕೊಳ್ಳಬೇಕು. ಇಯರ್‌ಫೋನ್ ಇಲ್ಲದಿದ್ದರೆ ಸ್ಪೀಕರ್ ದನಿ ಅರ್ಧಕ್ಕೆ ಇಳಿಸಲಿ, ಮಾತಿಲ್ಲದಾಗ ಮ್ಯೂಟ್‌ನಲ್ಲಿರಲಿ. ಆ್ಯಪ್‌ಗಳಲ್ಲಿ ಎಕೋ ಅಳಿಸುವ ವ್ಯವಸ್ಥೆ ಇದ್ದೇ ಇದೆ. ಸ್ಪೀಕರ್‌ಗೆ ತಾನೇ ಕಳುಹಿಸಿದ ದನಿ ಯಾವುದು ಎಂದು ಅದಕ್ಕೆ ಗೊತ್ತಿರುವುದರಿಂದ ಮೈಕ್‌ನಲ್ಲಿ ಬಂದದ್ದರಿಂದ ಅದನ್ನು ಕಳೆಯುತ್ತದೆ. ಆದರೆ ದನಿ ದೊಡ್ಡದಾಗಿ ಸ್ಪೀಕರ್ ಒಡೆದು ನುಡಿದರೆ, ಅಥವಾ ದನಿಯನ್ನು ತಡವಾಗಿ ನುಡಿಸುವ ಬ್ಲೂಟೂತ್ ಸ್ಪೀಕರ್ ಜೋಡಿಸಿದ್ದರೆ ಆ ಲೆಕ್ಕ ತಪ್ಪುತ್ತದೆ.

ಕೀಂಯ್ ಎಂದು ಏರುತ್ತಾ ಹೋಗುವ ಕೀರಲು ಬಂದರೆ ಒಂದೇ ಕೋಣೆಯಲ್ಲಿ ಎರಡು ಸಾಧನಗಳು ಮೀಟಿಂಗ್‌ನಲ್ಲಿವೆ ಎಂದೇ ಅರ್ಥ. ಒಂದರಲ್ಲಿ ಮೈಕ್ ಮ್ಯೂಟ್ ಮಾಡಿದರೆ ಸಾಲದು, ಸ್ಪೀಕರನ್ನೂ ಪೂರ್ತಿ ಇಳಿಸಬೇಕು. ಝೂಮ್‌ನಲ್ಲಿ ಎರಡನೆಯ ಸಾಧನದಿಂದ ಸೇರುವಾಗ ಆಡಿಯೊಗೆ ಸೇರಿಕೊಳ್ಳದೇ ಇದ್ದುಬಿಡುವುದು ಇನ್ನೂ ಸುಲಭ.

ಒಂದೇ ಶ್ರುತಿಯ ಗುಂಯ್ ಸದ್ದು ವಿದ್ಯುತ್ತಿನದು. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಹೆಚ್ಚಾಗಿ ಅರ್ಥಿಂಗ್ ದೋಷ: ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ದೀರಿ, ಇಲ್ಲವೇ ಆ ಸಾಕೆಟ್‌ಗೆ ಅರ್ಥ್ ವೈರೇ ಬಂದಿಲ್ಲ. ತಾತ್ಕಾಲಿಕವಾಗಿ ಬ್ಯಾಟರಿಯಲ್ಲಿ ಮೀಟಿಂಗ್ ಮುಗಿಸಿ, ಆಮೇಲೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಇದು ಬರೀ ದನಿಯ ಪ್ರಶ್ನೆಯಲ್ಲ, ಅರ್ಥಿಂಗ್ ಇಲ್ಲದ ಸಾಕೆಟ್ ಅಪಾಯಕಾರಿ.

4. ದನಿ ಕಟ್ ಕಟ್ ಆಗುವುದು, ರೋಬೋನಂತೆ ಕೇಳುವುದು

ಹೆಚ್ಚು ಸಮಯ ಕೊಡಬೇಕಾದ ಹಂತ ಇದು.

ದನಿಯನ್ನು ಆ್ಯಪ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಕಳುಹಿಸುತ್ತದೆ, ಅಂದರೆ ಸೆಕೆಂಡಿಗೆ 50 ತುಣುಕು. ಈ ತುಣುಕುಗಳಿಗೆ ಪ್ಯಾಕೆಟ್ ಎನ್ನುತ್ತಾರೆ. ದಾರಿಯಲ್ಲಿ ಕೆಲವು ಕಳೆದುಹೋದರೆ ಅದು ಪ್ಯಾಕೆಟ್ ಲಾಸ್. ಒಂದು ಬೇಗ, ಒಂದು ತಡವಾಗಿ ಹೀಗೆ ಏರುಪೇರಾಗಿ ಬಂದರೆ ಜಿಟರ್. ಕಳುಹಿಸಿದ್ದು ತಲುಪಲು ಹಿಡಿಯುವ ಸಮಯ ಲೇಟೆನ್ಸಿ. ಒಂದೆರಡು ತುಣುಕು ಹೋದರೆ ಆ್ಯಪ್ ಅಕ್ಕಪಕ್ಕದ ದನಿಯನ್ನು ಎಳೆದು ತೂತು ಮುಚ್ಚುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಸಾಲಾಗಿ ಹೋದಾಗ ಆ ಎಳೆದಾಟವೇ ರೋಬೋ ದನಿಯಾಗಿ ಕೇಳುತ್ತದೆ.

ಈ ಅಂಕಿಗಳನ್ನು ಮೀಟಿಂಗ್ ನಡೆಯುವಾಗಲೇ ನೋಡಬಹುದು. ಝೂಮ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ‘ಸ್ಟ್ಯಾಟಿಸ್ಟಿಕ್ಸ್’, ಟೀಮ್ಸ್‌ನಲ್ಲಿ ‘ಕಾಲ್ ಹೆಲ್ತ್’, ಮೀಟ್‌ನಲ್ಲಿ ಮೂರು ಚುಕ್ಕಿ ಒತ್ತಿದರೆ ‘ಟ್ರಬಲ್‌ಶೂಟಿಂಗ್ ಆ್ಯಂಡ್ ಹೆಲ್ಪ್’. ಝೂಮ್ ಹೇಳುವ ಮಿತಿ: ಲೇಟೆನ್ಸಿ 150 ಮಿಲಿಸೆಕೆಂಡು, ಜಿಟರ್ 40 ಮಿಲಿಸೆಕೆಂಡು, ಪ್ಯಾಕೆಟ್ ಲಾಸ್ ಶೇ 2. ಕಳುಹಿಸುವ ಮತ್ತು ಪಡೆಯುವ ಅಂಕಿಗಳು ಬೇರೆ ಬೇರೆ ಕಾಲಮ್‌ನಲ್ಲಿರುತ್ತವೆ. ಕಳುಹಿಸುವ ಕಾಲಮ್ ಮಾತ್ರ ಕೆಟ್ಟಿದ್ದರೆ ನಿಮಗೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ, ನಿಮ್ಮ ಮಾತು ಮಾತ್ರ ಉಳಿದವರಿಗೆ ಒಡೆಯುತ್ತದೆ.

ಇನ್ನು ಸ್ಪೀಡ್. ಝೂಮ್‌ನ ಗುಂಪು ಕರೆಗೆ ಬರೀ ದನಿಯಾದರೆ 60ರಿಂದ 80 ಕೆಬಿಪಿಎಸ್ ಸಾಕು (ಸಾವಿರ ಕೆಬಿಪಿಎಸ್ ಸೇರಿದರೆ 1 ಎಂಬಿಪಿಎಸ್). ಉತ್ತಮ ವಿಡಿಯೊಗೆ ಹೋಗಲು 1 ಎಂಬಿಪಿಎಸ್, ಬರಲು 600 ಕೆಬಿಪಿಎಸ್. 25 ಜನರನ್ನು ಚೌಕಚೌಕವಾಗಿ ನೋಡುವ ಗ್ಯಾಲರಿ ವ್ಯೂಗೆ 2 ಎಂಬಿಪಿಎಸ್, 49 ಜನರಿಗೆ 4 ಎಂಬಿಪಿಎಸ್. ಅಂದ ಮೇಲೆ 100 ಎಂಬಿಪಿಎಸ್ ಸಂಪರ್ಕದಲ್ಲೂ ದನಿ ಒಡೆಯುವುದಕ್ಕೆ ಸ್ಪೀಡ್ ಕಾರಣವೇ ಅಲ್ಲ. ಸ್ಪೀಡ್ ಟೆಸ್ಟ್ ಒಂದು ಸೆಕೆಂಡಿನಲ್ಲಿ ಎಷ್ಟು ಮಾಲು ಬಂತು ಎಂದು ಹೇಳುತ್ತದೆ, ಅದು ಹೊತ್ತಿಗೆ ಸರಿಯಾಗಿ ಬಂತೇ ಎಂದು ಹೇಳುವುದಿಲ್ಲ.

ಅದನ್ನು ಹೇಳುವುದು ಪಿಂಗ್ ಪರೀಕ್ಷೆ: ಪುಟ್ಟ ಸಂದೇಶವೊಂದನ್ನು ಕಳುಹಿಸಿ, ಉತ್ತರ ಮರಳಲು ಎಷ್ಟು ಹೊತ್ತಾಯಿತು ಎಂದು ಅಳೆಯುವುದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್, ಅಂದರೆ ಆದೇಶಗಳನ್ನು ಬರೆದು ಕೊಡುವ ಆ್ಯಪ್, ಅದರ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ ಎಂದು ಬರೆದು, ಸ್ಪೇಸ್ ಬಿಟ್ಟು ನಿಮ್ಮ ರೂಟರ್ ವಿಳಾಸ ಕೊಡಿ. ಮನೆಗಳಲ್ಲಿ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಕೊನೆಗೆ ಸ್ಪೇಸ್, ಹೈಫನ್, ಟಿ ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವವರೆಗೆ ಓಡುತ್ತದೆ. ಎರಡನೆಯದರಲ್ಲಿ ಇದೇ ರೀತಿ 8.8.8.8 ವಿಳಾಸಕ್ಕೆ ಪಿಂಗ್ ಕೊಡಿ; ಅದು ಗೂಗಲ್‌ನ ಸರ್ವರ್. ಎರಡನ್ನೂ ಐದು ನಿಮಿಷ ಓಡಲು ಬಿಟ್ಟು, ಮೀಟಿಂಗ್‌ನಲ್ಲಿ ಮಾತನಾಡುತ್ತಲೇ ಗಮನಿಸಿ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ. ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆದು ಇದನ್ನೇ ಮಾಡಿ, ಹೈಫನ್ ಟಿ ಬೇಡ.

ರೂಟರ್‌ಗೆ ಹೋದ ಪಿಂಗ್ ಕೆಲವೇ ಮಿಲಿಸೆಕೆಂಡಿನಲ್ಲಿ ಮರಳಬೇಕು. ಅದೇ 80, 150, 300 ಎಂದು ಹಾರುತ್ತಿದ್ದರೆ, ಅಥವಾ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬರುತ್ತಿದ್ದರೆ ತೊಂದರೆ ನಿಮ್ಮ ಮನೆಯ ವೈಫೈನಲ್ಲೇ ಇದೆ. ನೆಟ್ ಕಂಪನಿಗೆ ಫೋನ್ ಮಾಡಿ ಜಗಳವಾಡುವುದು ವ್ಯರ್ಥ. ರೂಟರ್‌ನದು ಚೆನ್ನಾಗಿದ್ದು 8.8.8.8 ಮಾತ್ರ ಹಾರುತ್ತಿದ್ದರೆ ತೊಂದರೆ ರೂಟರ್‌ನಿಂದಾಚೆ.

ಮನೆಯ ವೈಫೈ ಕೆಟ್ಟಿದ್ದರೆ ಲ್ಯಾನ್ ಕೇಬಲ್ ಚುಚ್ಚಿ. ಅಲ್ಲಿಗೆ ಮುಗಿಯಿತು. ಕೇಬಲ್ ಆಗದು ಎಂದರೆ 2.4 ಗಿಗಾಹರ್ಟ್ಸ್ ಬದಲು 5 ಗಿಗಾಹರ್ಟ್ಸ್ ವೈಫೈಗೆ ಜೋಡಿಸಿ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕದ ರೂಟರ್‌ಗಳೆಲ್ಲ ಅಲ್ಲೇ ಒತ್ತಿಕೊಂಡಿರುತ್ತವೆ. ಬ್ಲೂಟೂತ್ ಬಳಸುವುದೂ ಅದೇ 2.4ರ ತರಂಗಗಳನ್ನು, ಅಡುಗೆಮನೆಯ ಮೈಕ್ರೊವೇವ್ ಕೂಡ. 5 ಗಿಗಾಹರ್ಟ್ಸ್‌ಗೆ ಗೋಡೆ ದಾಟುವ ಶಕ್ತಿ ಕಡಿಮೆ, ಹಾಗಾಗಿ ರೂಟರ್ ಇರುವ ಕೋಣೆಯಲ್ಲೇ ಕೂರಿ. ರೂಟರನ್ನು ಟಿವಿ ಹಿಂದೆ, ಕಬ್ಬಿಣದ ಬೀರು ಮೇಲೆ ಇಡಬೇಡಿ.

ತೊಂದರೆ ರೂಟರ್‌ನಿಂದಾಚೆ ಇದ್ದರೆ ಕಂಪನಿಯನ್ನು ದೂರುವ ಮುನ್ನ ಇನ್ನೊಂದು ಪರೀಕ್ಷೆ ಬಾಕಿ ಇದೆ. 8.8.8.8 ಪಿಂಗ್ ಓಡುತ್ತಿರುವಾಗ ಅದೇ ವೈಫೈನಲ್ಲಿರುವ ಫೋನ್‌ನಿಂದ ದೊಡ್ಡ ವಿಡಿಯೊವೊಂದನ್ನು ಗೂಗಲ್ ಡ್ರೈವ್‌ಗೆ ಹಾಕಿ. ಅಪ್‌ಲೋಡ್ ಶುರುವಾದ ಕೂಡಲೇ ಪಿಂಗ್ ನೂರಾರು ಮಿಲಿಸೆಕೆಂಡಿಗೆ ಏರಿ, ನಿಲ್ಲಿಸಿದ ಕೂಡಲೇ ಇಳಿದರೆ ಕಾರಣ ಸಿಕ್ಕಿತು. ದೊಡ್ಡ ಫೈಲಿನ ಪ್ಯಾಕೆಟ್‌ಗಳು ರೂಟರ್‌ನಲ್ಲಿ ಸಾಲುಗಟ್ಟಿ ನಿಂತು, ನಿಮ್ಮ ದನಿಯ ಪುಟ್ಟ ಪ್ಯಾಕೆಟ್ ಆ ಸಾಲಿನ ಹಿಂದೆ ಕಾಯುತ್ತಿದೆ. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಮನೆಯ ಯಾರದೋ ಫೋನ್ ಚಾರ್ಜಿಗೆ ಹಾಕಿದಾಗ ಫೋಟೊಗಳನ್ನು ಬ್ಯಾಕಪ್ ಮಾಡಲು ತೊಡಗಿದರೆ ಸಾಕು, ಸಿಸಿಟಿವಿ ಕ್ಯಾಮೆರಾ ಕ್ಲೌಡ್‌ಗೆ ಕಳುಹಿಸುತ್ತಿದ್ದರೂ ಸಾಕು. ಮೀಟಿಂಗ್ ಹೊತ್ತಿಗೆ ಬ್ಯಾಕಪ್ ನಿಲ್ಲಿಸಿ. ರೂಟರ್‌ನಲ್ಲಿ ಕ್ಯೂಒಎಸ್ ಎಂಬ ಆಯ್ಕೆ ಇದ್ದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಮೊದಲ ಆದ್ಯತೆ ಕೊಡಿ.

ಇದೂ ಅಲ್ಲದಿದ್ದರೆ ಕಂಪನಿಗೆ ಫೋನ್ ಮಾಡಿ. ‘ನೆಟ್ ಸ್ಲೋ ಇದೆ’ ಎಂದರೆ ಅವರು ಸ್ಪೀಡ್ ಟೆಸ್ಟ್ ಮಾಡಿಸಿ ಸರಿ ಇದೆ ಎನ್ನುತ್ತಾರೆ. ‘ಕೇಬಲ್‌ನಲ್ಲೇ ಜೋಡಿಸಿದ್ದೇನೆ, ರೂಟರ್‌ಗೆ ಪಿಂಗ್ ಸರಿ ಇದೆ, ಹೊರಗೆ ರಾತ್ರಿ 8ರಿಂದ 10ರವರೆಗೆ ಇಷ್ಟು ಪ್ಯಾಕೆಟ್ ಲಾಸ್ ಇದೆ’ ಎಂದು ಅಂಕಿ ಸಮೇತ ಹೇಳಿ. ಪಿಂಗ್ ನಿಲ್ಲಿಸಿದಾಗ ಕೊನೆಯಲ್ಲಿ ಬರುವ ಲೆಕ್ಕದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸೇರುವವರಿಗೆ ಒಂದು ಲೆಕ್ಕ. 1 ಎಂಬಿಪಿಎಸ್ ಎಂದರೆ ಗಂಟೆಗೆ ಸುಮಾರು 450 ಎಂಬಿ, ಹೋಗಲು ಬೇರೆ, ಬರಲು ಬೇರೆ. ದಿನಕ್ಕೆ 1.5 ಜಿಬಿ ಪ್ಯಾಕ್ ಒಂದೆರಡು ವಿಡಿಯೊ ಮೀಟಿಂಗ್‌ಗೆ ಮುಗಿಯುತ್ತದೆ. ಅದು ಮುಗಿದ ಮೇಲೆ ಹಲವು ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಬರೀ ದನಿಗೂ ಅದು ಅಂಚಿನಲ್ಲಿದೆ. ಬೆಳಿಗ್ಗೆ ಸರಿ ಇದ್ದು ಸಂಜೆ ಕೆಡುವ ಹಾಟ್‌ಸ್ಪಾಟ್‌ನ ರಹಸ್ಯ ಎಷ್ಟೋ ಸಲ ಇಷ್ಟೇ.

ಕರೆಂಟ್ ಹೋದಾಗ ಮನೆಗೆ ಇನ್ವರ್ಟರ್ ಇದ್ದೂ ಮೀಟಿಂಗ್ ಕಡಿಯುವುದುಂಟು. ಇನ್ವರ್ಟರ್‌ಗೆ ಬದಲಾಗುವ ಆ ಕ್ಷಣದಲ್ಲಿ ರೂಟರ್ ರೀಸ್ಟಾರ್ಟ್ ಆಗಿ, ಮತ್ತೆ ಏಳಲು ಒಂದೆರಡು ನಿಮಿಷ ಬೇಕು. ರೂಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ ಹಾಕಿದರೆ ಇದು ತಪ್ಪುತ್ತದೆ. ಕೊಳ್ಳುವ ಮುನ್ನ ರೂಟರ್ ಅಡಾಪ್ಟರ್ ಮೇಲೆ ಬರೆದ ವೋಲ್ಟೇಜ್ ಮತ್ತು ಆಂಪಿಯರ್ ಓದಿಕೊಳ್ಳಿ. ಹೆಚ್ಚಿನವು 12 ವೋಲ್ಟ್, ಎಲ್ಲವೂ ಅಲ್ಲ. ಫೈಬರ್ ಪೆಟ್ಟಿಗೆ ಮತ್ತು ವೈಫೈ ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು.

ಕಚೇರಿಯ ನೆಟ್‌ನಲ್ಲಿ, ಅಥವಾ ಮನೆಯಿಂದ ಕಚೇರಿಯ ನೆಟ್‌ಗೆ ಸೇರಿಸುವ ವಿಪಿಎನ್‌ನಲ್ಲಿ ಮಾತ್ರ ಕೆಟ್ಟು, ಮೊಬೈಲ್ ಡೇಟಾದಲ್ಲಿ ಸರಿ ಇದ್ದರೆ ಫೈರ್‌ವಾಲ್, ಅಂದರೆ ಒಳಹೊರಗೆ ಹೋಗುವುದನ್ನು ಸೋಸುವ ಕಾವಲು, ಕಾರಣ ಇರಬಹುದು. ಈ ಆ್ಯಪ್‌ಗಳು ದನಿ ಮತ್ತು ಚಿತ್ರವನ್ನು ಯುಡಿಪಿ ಎಂಬ ವಿಧಾನದಲ್ಲಿ ಕಳುಹಿಸುತ್ತವೆ. ಕಳೆದ ಪ್ಯಾಕೆಟ್‌ಗಾಗಿ ಅದು ಕಾಯುತ್ತ ಕೂರುವುದಿಲ್ಲ. ಫೈರ್‌ವಾಲ್ ಅದನ್ನು ತಡೆದರೆ ಆ್ಯಪ್ ಟಿಸಿಪಿ ಎಂಬ ಇನ್ನೊಂದು ವಿಧಾನಕ್ಕೆ ಇಳಿಯುತ್ತದೆ. ಅದು ಕಳೆದ ಪ್ರತಿ ಪ್ಯಾಕೆಟನ್ನೂ ಮತ್ತೆ ತರಿಸಿಕೊಂಡೇ ಮುಂದೆ ಹೋಗುವುದರಿಂದ ಎಲ್ಲ ನಿಂತು ನಿಂತು ಸಾಗುತ್ತದೆ. ಕಚೇರಿಯ ಐಟಿಯವರಿಗೆ ತೆರೆಯಲು ಹೇಳಬೇಕಾದ ಯುಡಿಪಿ ಪೋರ್ಟ್‌ಗಳು, ಅಂದರೆ ಸಂಖ್ಯೆ ಹಾಕಿದ ಬಾಗಿಲುಗಳು: ಝೂಮ್‌ಗೆ 8801ರಿಂದ 8810, ಟೀಮ್ಸ್‌ಗೆ 3478ರಿಂದ 3481, ಮೀಟ್‌ಗೆ 3478 ಮತ್ತು 19302ರಿಂದ 19309, ಸ್ವಂತ ಜಿಟ್ಸಿ ಸರ್ವರ್ ಇದ್ದರೆ 10000.

5. ಬ್ಲೂಟೂತ್ ಹಾಕಿದ ಕೂಡಲೇ ದನಿ ಡಬ್ಬದೊಳಗಿನಿಂದ ಬಂದಂತಾದರೆ

ಇಯರ್‌ಬಡ್ ಕೆಟ್ಟಿಲ್ಲ. ಹಾಡು ಕೇಳುವಾಗ ಬ್ಲೂಟೂತ್ ಒಂದು ವಿಧಾನದಲ್ಲಿ, ಮೈಕ್ ಬೇಕಾದಾಗ ಇನ್ನೊಂದು ವಿಧಾನದಲ್ಲಿ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಹ್ಯಾಂಡ್ಸ್ ಫ್ರೀ ಎಂದು ಹೆಸರು. ಅದರಲ್ಲಿ ದನಿ ಒಂದೇ ಚಾನೆಲ್, ಗುಣಮಟ್ಟ ಹಳೆಯ ಟೆಲಿಫೋನ್‌ಗೆ ಹತ್ತಿರ. ಪರಿಹಾರ: ಆ್ಯಪ್‌ನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪ್‌ನ ಮೈಕ್, ಸ್ಪೀಕರ್ ಆಗಿ ಇಯರ್‌ಬಡ್ ಆರಿಸಿ. ವಿಂಡೋಸ್ 10ರಲ್ಲಿ ಒಂದೇ ಇಯರ್‌ಬಡ್ ‘ಸ್ಟೀರಿಯೊ’ ಮತ್ತು ‘ಹ್ಯಾಂಡ್ಸ್ ಫ್ರೀ’ ಎಂದು ಎರಡು ಹೆಸರಲ್ಲಿ ಕಾಣುತ್ತದೆ, ಸ್ಟೀರಿಯೊ ಎಂದಿರುವುದನ್ನು ಒತ್ತಿ.

6. ಚಿತ್ರದ ತೊಂದರೆಗಳು

ಕ್ಯಾಮೆರಾ ಕಪ್ಪಾಗಿದ್ದರೆ ಮೊದಲು ಲೆನ್ಸ್ ಮುಚ್ಚುವ ಪುಟ್ಟ ಬಾಗಿಲನ್ನು, ಕೀಬೋರ್ಡ್‌ನ ಕ್ಯಾಮೆರಾ ಗುರುತಿನ ಗುಂಡಿಯನ್ನು ನೋಡಿ. ಆಮೇಲೆ ಬೇರೆ ಯಾವುದಾದರೂ ಆ್ಯಪ್ ಕ್ಯಾಮೆರಾ ಹಿಡಿದಿದೆಯೇ ನೋಡಿ: ಬ್ರೌಸರ್‌ನಲ್ಲಿ ಬಿಟ್ಟ ಹಳೆಯ ಮೀಟ್ ಟ್ಯಾಬ್ ಸಾಕು.

ಚಿತ್ರ ತಡೆದು ತಡೆದು ಚಲಿಸಿದರೆ ನೆಟ್ ಎಂದುಕೊಳ್ಳುವ ಮುನ್ನ ಕೋಣೆಯ ಲೈಟ್ ಹಾಕಿ. ಬೆಳಕು ಸಾಲದಾಗ ವೆಬ್‌ಕ್ಯಾಮ್ ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಹೀರುತ್ತದೆ, ಸೆಕೆಂಡಿಗೆ 30 ಫ್ರೇಮ್ ಇದ್ದದ್ದು 15ಕ್ಕೋ ಅದಕ್ಕಿಂತ ಕೆಳಗೋ ಬೀಳುತ್ತದೆ. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದಿನ ಕಿಟಕಿಯಿಂದ ಅಲ್ಲ.

ಚಿತ್ರದ ಮೇಲೆ ಅಡ್ಡಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿದ್ದರೆ ಕ್ಯಾಮೆರಾದ ಸ್ವಂತ ಸೆಟ್ಟಿಂಗ್‌ನಲ್ಲಿ ಆಂಟಿ ಫ್ಲಿಕರ್ ಅಥವಾ ಪವರ್‌ಲೈನ್ ಫ್ರೀಕ್ವೆನ್ಸಿಯನ್ನು 50 ಹರ್ಟ್ಸ್ ಮಾಡಿ. ನಮ್ಮ ಕರೆಂಟ್ 50 ಹರ್ಟ್ಸ್, ಅಮೆರಿಕದ್ದು 60. ಅಲ್ಲಿಂದ ತಂದ ಕ್ಯಾಮೆರಾ, ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಮೊದಲು ನೋಡಬೇಕು.

ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ತಿರುಗುತ್ತಾ ದನಿ, ಚಿತ್ರ ಎರಡೂ ಒಟ್ಟಿಗೆ ತಡವರಿಸಿದರೆ ಪ್ರೊಸೆಸರ್ ಸೋತಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು, ಅಂದರೆ ಪ್ರೊಸೆಸರ್ ಬಳಕೆ, ಶೇ 90ರ ಮೇಲಿದ್ದರೆ ವರ್ಚುವಲ್ ಬ್ಯಾಕ್‌ಗ್ರೌಂಡ್ ತೆಗೆಯಿರಿ, ಗ್ಯಾಲರಿ ವ್ಯೂ ಬಿಟ್ಟು, ಮಾತನಾಡುವವರೇ ದೊಡ್ಡದಾಗಿ ಕಾಣುವ ಸ್ಪೀಕರ್ ವ್ಯೂಗೆ ಬನ್ನಿ, ಚಾರ್ಜರ್ ಚುಚ್ಚಿ. ಹಳೆಯ ಲ್ಯಾಪ್‌ಟಾಪ್‌ಗೆ ಹಿನ್ನೆಲೆಯಲ್ಲಿ ಮಲೆನಾಡಿನ ಜಲಪಾತ ಹರಿಸುವ ಶಕ್ತಿ ಇರುವುದಿಲ್ಲ.

7. ಸ್ಕ್ರೀನ್ ಶೇರ್ ಮಾಡಿದಾಗ ದನಿ ಹೋಗದಿದ್ದರೆ

ಝೂಮ್‌ನಲ್ಲಿ ಶೇರ್ ಒತ್ತುವ ಮುನ್ನ ‘ಶೇರ್ ಸೌಂಡ್’ ಟಿಕ್ ಮಾಡಬೇಕು, ವಿಡಿಯೊ ತೋರಿಸುವುದಾದರೆ ‘ಆಪ್ಟಿಮೈಸ್ ಫಾರ್ ವಿಡಿಯೊ ಕ್ಲಿಪ್’ ಕೂಡ. ಮೀಟ್‌ನಲ್ಲಿ ಇಡೀ ಸ್ಕ್ರೀನ್ ಬದಲು ಕ್ರೋಮ್ ಟ್ಯಾಬ್ ಆರಿಸಿ, ಟ್ಯಾಬ್ ಆಡಿಯೊ ಆನ್ ಇರಲಿ. ಮ್ಯಾಕ್‌ನಲ್ಲಿ ಶೇರ್ ಮಾಡಿದಾಗ ಬರೀ ಹಿನ್ನೆಲೆಯ ಚಿತ್ರ ಕಂಡರೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಟ್ಟಿಲ್ಲ. ಕೊಟ್ಟ ಮೇಲೆ ಆ್ಯಪ್ ಪೂರ್ತಿ ಮುಚ್ಚಿ ತೆರೆಯಬೇಕು, ಮೀಟಿಂಗ್ ನಡುವೆ ಇದು ಮುಜುಗರ, ಮೊದಲೇ ಮಾಡಿಡಿ.

8. ಸಂಗೀತ ಪಾಠ

ಬೆಂಗಳೂರು, ಮೈಸೂರಿನ ಗುರುಗಳು ಹೊರದೇಶದ ಕನ್ನಡದ ಮಕ್ಕಳಿಗೆ ಕಲಿಸುವುದು ಈಗ ಮಾಮೂಲು. ದೂರು ಒಂದೇ: ‘ಶ್ರುತಿ ಪೆಟ್ಟಿಗೆ ಕೇಳಿಸುವುದಿಲ್ಲ, ದೀರ್ಘ ಸ್ವರ ಹಿಡಿದರೆ ಮಾಯವಾಗುತ್ತದೆ.’ ಬದಲಾಗದೆ ಒಂದೇ ಸಮ ಬರುವ ಸದ್ದನ್ನು ಫ್ಯಾನ್ ಸದ್ದೆಂದು ಭಾವಿಸಿ ಅಳಿಸುವುದೇ ಆ್ಯಪ್‌ನ ಕೆಲಸ; ತಂಬೂರಿ ಅದಕ್ಕೆ ಫ್ಯಾನ್‌ನಂತೆಯೇ ಕೇಳುತ್ತದೆ.

ಝೂಮ್‌ನಲ್ಲಿ ಸೆಟ್ಟಿಂಗ್ಸ್, ಆಡಿಯೊ ಒಳಗೆ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್’ ಆರಿಸಿ, ‘ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್’ ಟಿಕ್ ಮಾಡಿ. ಇಷ್ಟಕ್ಕೇ ನಿಲ್ಲಿಸಿ ಮೋಸಹೋಗುವವರು ಬಹಳ: ಮೀಟಿಂಗ್ ಕಿಟಕಿಯಲ್ಲೂ ‘ಒರಿಜಿನಲ್ ಸೌಂಡ್’ ಎಂಬ ಬಟನ್ ಕಾಣುತ್ತದೆ, ಅದು ಆನ್ ಆಗಿದೆಯೇ ಎಂದು ಪ್ರತಿ ಪಾಠದ ಮೊದಲು ನೋಡಿ. ಮೀಟ್‌ನಲ್ಲಿ ನಾಯ್ಸ್ ಕ್ಯಾನ್ಸಲೇಶನ್ ಆಫ್ ಮಾಡಿ. ಎರಡೂ ಕಡೆ ವೈರ್ ಹೆಡ್‌ಫೋನ್ ಇದ್ದರೆ ಮಾತ್ರ ಎಕೋ ಅಳಿಸುವ ವ್ಯವಸ್ಥೆಯನ್ನು ಆಫ್ ಮಾಡಬಹುದು.

ಒಟ್ಟಿಗೆ ತಾಳ ಹಾಕುವುದು ಮಾತ್ರ ಯಾವ ಸೆಟ್ಟಿಂಗ್‌ನಿಂದಲೂ ಆಗದು. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಗೆ ನೇರ ದೂರ ಸುಮಾರು 14,000 ಕಿಲೋಮೀಟರ್. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಹೋಗಿ ಬರಲು 140 ಮಿಲಿಸೆಕೆಂಡು ಬೇಕೇ ಬೇಕು. ಕೇಬಲ್‌ಗಳು ಸುತ್ತಿ ಬಳಸಿ ಹೋಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಗುರು ಹಾಡಿ ನಿಲ್ಲಿಸಿದ ಮೇಲೆ ಶಿಷ್ಯೆ ಹಾಡಲಿ, ಶ್ರುತಿ ಪೆಟ್ಟಿಗೆ ಇಬ್ಬರ ಕಡೆಯೂ ಬೇರೆ ಬೇರೆ ಇರಲಿ.

9. ಸಭಾಂಗಣದಲ್ಲಿ ಅರ್ಧ ಜನ, ಆನ್‌ಲೈನ್‌ನಲ್ಲಿ ಅರ್ಧ ಜನ

ಸಂಘದ ವಾರ್ಷಿಕ ಸಭೆ, ಪುಸ್ತಕ ಬಿಡುಗಡೆಗಳಲ್ಲಿ ಎಲ್ಲರೂ ಎಡವುವ ಜಾಗ ಇದು. ವೇದಿಕೆಯ ಮುಂದೆ ಲ್ಯಾಪ್‌ಟಾಪ್ ಇಟ್ಟು ಅದರ ಮೈಕ್‌ನಿಂದಲೇ ದನಿ ಹಿಡಿಯಲು ಹೋದರೆ ಆನ್‌ಲೈನ್‌ನವರಿಗೆ ಬಾವಿಯೊಳಗಿನಿಂದ ಕೇಳಿದಂತಾಗುತ್ತದೆ. ದನಿಯನ್ನು ಮೈಕ್‌ಸೆಟ್‌ನವರ ಮಿಕ್ಸರ್‌ನಿಂದ, ಅಂದರೆ ಎಲ್ಲ ಮೈಕ್‌ಗಳ ದನಿ ಬಂದು ಸೇರುವ ಪೆಟ್ಟಿಗೆಯಿಂದ, ನೇರ ತೆಗೆದುಕೊಳ್ಳಿ.

ಮಿಕ್ಸರ್‌ನ ಆಕ್ಸ್ ಔಟ್‌ನಿಂದ (ಹಾಲ್‌ನ ಸ್ಪೀಕರ್‌ಗೆ ಹೋಗುವುದರ ಹೊರತಾಗಿ ದನಿ ಹೊರತೆಗೆಯುವ ಇನ್ನೊಂದು ದಾರಿ) ಯುಎಸ್‌ಬಿ ಆಡಿಯೊ ಇಂಟರ್‌ಫೇಸ್‌ನ (ದನಿಯನ್ನು ಕಂಪ್ಯೂಟರ್‌ಗೆ ಒಯ್ಯುವ ಪುಟ್ಟ ಪೆಟ್ಟಿಗೆ) ಲೈನ್ ಇನ್‌ಪುಟ್‌ಗೆ, ಅಲ್ಲಿಂದ ಲ್ಯಾಪ್‌ಟಾಪ್‌ಗೆ. ನೇರವಾಗಿ ಲ್ಯಾಪ್‌ಟಾಪ್‌ನ 3.5 ಮಿಲಿಮೀಟರ್ ಕಿಂಡಿಗೆ ಚುಚ್ಚಬೇಡಿ; ಅದು ಮೈಕ್‌ನ ಕ್ಷೀಣ ಸಂಕೇತಕ್ಕೆ ಮಾಡಿದ್ದು, ಮಿಕ್ಸರ್‌ನ ಲೈನ್ ಸಂಕೇತ ಅದಕ್ಕಿಂತ ಎಷ್ಟೋ ಪಟ್ಟು ಜೋರು, ದನಿ ಗರಗರ ಎಂದು ಒಡೆಯುತ್ತದೆ. ಆನ್‌ಲೈನ್‌ನವರ ದನಿಯನ್ನು ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಮಿಕ್ಸರ್‌ನ ಒಂದು ಖಾಲಿ ಚಾನೆಲ್‌ಗೆ ಕೊಡಿ. ಈಗ ಮುಖ್ಯ ಮಾತು: ವೇದಿಕೆಯ ಮೈಕ್‌ಗಳ ಚಾನೆಲ್‌ಗಳಲ್ಲಿ ಆಕ್ಸ್ ತಿರುಗುಣಿ ಏರಿಸಿ, ಆನ್‌ಲೈನ್ ದನಿ ಬರುವ ಆ ಒಂದು ಚಾನೆಲ್‌ನಲ್ಲಿ ಆಕ್ಸ್ ಪೂರ್ತಿ ಸೊನ್ನೆಯಲ್ಲಿರಲಿ. ಹೀಗೆ ಮಾಡಿದರೆ ಆನ್‌ಲೈನ್‌ನವರ ಮಾತು ಸಭಾಂಗಣಕ್ಕೆ ಕೇಳುತ್ತದೆ, ಮಿಕ್ಸರ್ ಮೂಲಕ ಅವರಿಗೇ ಹಿಂದಿರುಗುವುದಿಲ್ಲ. ಇದಕ್ಕೆ ಮಿಕ್ಸ್ ಮೈನಸ್ ಎನ್ನುತ್ತಾರೆ. ಮೈಕ್‌ಸೆಟ್‌ನವರಿಗೆ ಈ ಹೆಸರು ಗೊತ್ತಿಲ್ಲದಿದ್ದರೂ ‘ಲ್ಯಾಪ್‌ಟಾಪ್ ಚಾನೆಲ್ ಆಕ್ಸ್‌ಗೆ ಹೋಗಬಾರದು’ ಎಂದರೆ ಅರ್ಥವಾಗುತ್ತದೆ. ಆಕ್ಸನ್ನು ಪ್ರೀ ಫೇಡರ್‌ನಲ್ಲಿಟ್ಟರೆ, ಅಂದರೆ ಚಾನೆಲ್‌ನ ದನಿ ಏರಿಳಿಸುವ ಫೇಡರ್‌ಗೆ ಮೊದಲೇ ದನಿ ತೆಗೆದುಕೊಳ್ಳುವಂತೆ ಮಾಡಿದರೆ, ಸಭಾಂಗಣದ ದನಿ ಏರಿಸಿ ಇಳಿಸಿದಾಗ ಆನ್‌ಲೈನ್ ದನಿ ಬದಲಾಗದು.

ಸಭಿಕರು ಪ್ರಶ್ನೆ ಕೇಳಲು ಕೈಯಲ್ಲಿ ಹಿಡಿಯುವ ಮೈಕ್ ಒಂದು ಇರಲಿ. ಮೈಕ್ ಇಲ್ಲದೆ ಕೇಳಿದ ಪ್ರಶ್ನೆ ಆನ್‌ಲೈನ್‌ನವರಿಗೆ ಮೌನ, ಉತ್ತರ ಮಾತ್ರ ಕೇಳುತ್ತದೆ. ಆನ್‌ಲೈನ್‌ನವರು ಮಾತನಾಡುವಾಗ ವೇದಿಕೆಯ ಮೈಕ್‌ಗಳ ಆಕ್ಸ್ ತಿರುಗುಣಿ ತಗ್ಗಿಸುವ ಕೆಲಸ ಒಬ್ಬರದೇ ಆಗಿರಲಿ, ಏಕೆಂದರೆ ಹಾಲ್‌ನ ಸ್ಪೀಕರ್‌ನಿಂದ ಆ ಮೈಕ್‌ಗಳಿಗೆ ನುಗ್ಗುವ ದನಿಯನ್ನು ಮಿಕ್ಸ್ ಮೈನಸ್ ತಡೆಯದು. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಒಬ್ಬರು ಹಾಲ್‌ನಿಂದ ಆಚೆ ಹೋಗಿ, ಮೊಬೈಲ್ ಡೇಟಾದಲ್ಲಿ ಮೀಟಿಂಗ್‌ಗೆ ಸೇರಿ, ಇಯರ್‌ಫೋನ್‌ನಲ್ಲಿ ಕೇಳಿ ಹೇಳಲಿ. ಹಾಲ್‌ನ ಒಳಗೆ ಕೂತು ಇದನ್ನು ಪರೀಕ್ಷಿಸಲಾಗದು, ಅಲ್ಲಿ ನಿಮಗೆ ಕೇಳುವುದು ಹಾಲ್‌ನ ದನಿಯೇ.